ಖಾಲಿ ಮನೆಯ ಲೆಕ್ಕ

ಚೆನ್ನೈನಲ್ಲಿ ಆಡಿ ಮಾಸದಲ್ಲೂ ಮಾರ್ಗಳಿಯಲ್ಲೂ ಸಾಮಾನ್ಯವಾಗಿ ಯಾರೂ ಮನೆ ಬದಲಾಯಿಸುವುದಿಲ್ಲ. ನಮಗೆ ಆಷಾಢವಿದ್ದ ಹಾಗೆ ಅವರಿಗೆ ಆಡಿ. ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ದಿನ ಕೂಡಿಬರುವುದಿಲ್ಲ. ಆಡಿ ಮುಗಿದು ಆವಣಿ ಹುಟ್ಟಿದ್ದೇ ತಡ, ಅಥವಾ ಪೊಂಗಲ್ ಹಬ್ಬದೊಂದಿಗೆ ತೈ ಮಾಸ ಬಂದದ್ದೇ ತಡ, ಬೀದಿ ಬೀದಿಯಲ್ಲೂ ಸಾಮಾನಿನ ಟೆಂಪೋಗಳು ನಿಂತಿರುತ್ತವೆ. ಮಂಚದ ಹಲಗೆ, ವಾಷಿಂಗ್ ಮೆಷಿನ್, ಗೊಲು ಬೊಂಬೆಗಳ ಟ್ರಂಕು, ಕೊನೆಗೆ ಯಾರದೋ ಮಡಿಲಲ್ಲಿ ದೇವರ ಪಟ. ಗಾಡಿ ತಿರುವು ದಾಟಿದ ಮೇಲೆ ಅಲ್ಲಿ ಉಳಿಯುವುದು ಬರಿಯ ಗೋಡೆಗಳು, ಅದರ ಜೊತೆಗೆ ಅಡ್ವಾನ್ಸಿನ ಮಾತು.

ಈ ಅಡ್ವಾನ್ಸ್ ಸಣ್ಣ ಮೊತ್ತವೇನಲ್ಲ. ಹತ್ತು ತಿಂಗಳ ಬಾಡಿಗೆ ಎನ್ನುವುದು ಚೆನ್ನೈನಲ್ಲಿ ಬಹುಕಾಲ ನಡೆದುಬಂದ ವಾಡಿಕೆ. ಬೆಂಗಳೂರಿನವರಿಗೂ ಇದು ಗೊತ್ತಿರುವ ಲೆಕ್ಕವೇ. ಈಗೀಗ ಐದಾರು ತಿಂಗಳಿಗೆ ಒಪ್ಪುವ ಓನರುಗಳೂ ಇದ್ದಾರೆ. ತಿಂಗಳಿಗೆ 20,000 ರೂಪಾಯಿ ಬಾಡಿಗೆಯ ಮನೆಗೆ ಹಳೆಯ ಲೆಕ್ಕದಲ್ಲಿ ಎರಡು ಲಕ್ಷ ರೂಪಾಯಿ ಬಡ್ಡಿಯಿಲ್ಲದೆ ಇನ್ನೊಬ್ಬರ ಕೈಯಲ್ಲಿ ವರ್ಷಗಟ್ಟಲೆ ಇರುತ್ತದೆ. ಸಂಬಳದವರಿಗೆ ಎಷ್ಟೋ ಸಲ ಅದೇ ಇರುವ ಉಳಿತಾಯ. ಅದನ್ನು ಹೊಂದಿಸಲು ಊರಿನಲ್ಲಿ ಒಡವೆ ಅಡವಿಟ್ಟು ಬಂದವರನ್ನು ನಾನು ಬಲ್ಲೆ. ಈ ಮನೆಯ ಹಣ ಕೈಗೆ ಬಂದರೆ ತಾನೆ ಮುಂದಿನ ಮನೆಗೆ ಕೊಡುವುದು? ಹದಿನೈದು ದಿನ ತಡವಾದರೂ ಕೈಸಾಲಕ್ಕೆ ಓಡಾಡಬೇಕು. ಖಾಲಿ ಮನೆಯ ಗೋಡೆಯ ಮೇಲಿನ ಒಂದು ಕಲೆಗೆ ಇಷ್ಟು ಬೆಲೆ ಬರುವುದು ಹೀಗೆ.

ಅದಕ್ಕೇ, ಮನೆ ಬಿಡುವ ದಿನ ಬೀಗ ಹಾಕುವ ಮುಂಚೆ ಒಂದು ಗಂಟೆ ಬಿಡುವು ಮಾಡಿಕೊಳ್ಳಿ, ಪ್ರತಿ ಕೋಣೆಯನ್ನೂ ನೋಡಿ, ಬರೆಯಿರಿ, ಫೋಟೋ ತೆಗೆದಿಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ಕೆಲವರಿಗೆ ಮುಜುಗರವಾಗುತ್ತದೆ. ಇಷ್ಟು ವರ್ಷ ಅವರ ಮನೆಯಲ್ಲಿದ್ದು ಹೋಗುವಾಗ ಗೋಡೆಯ ಫೋಟೋ ತೆಗೆದರೆ ಅವರು ಏನಂದುಕೊಂಡಾರು, ಎನ್ನುತ್ತಾರೆ. ನಾನು ಕಂಡಂತೆ ಕೊನೆಯ ದಿನದ ಜಗಳಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕೆಟ್ಟ ಮನಸ್ಸಲ್ಲ. ಓನರ್ ನೆನಪಿಟ್ಟುಕೊಂಡಿರುವುದು ಬಣ್ಣ ಬಳಿಸಿದ ಹೊಸತರಲ್ಲಿ ಕಂಡ ಮನೆಯನ್ನು. ಬಾಡಿಗೆದಾರರ ನೆನಪಿನಲ್ಲಿರುವುದು ಸಾಮಾನು ಇಳಿಸುವ ಗಡಿಬಿಡಿಯಲ್ಲಿ ಕಂಡ ಮನೆ. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಆದರೆ ನೆನಪಿನ ಎದುರು ನೆನಪನ್ನು ನಿಲ್ಲಿಸಿದರೆ, ಹಣ ಯಾರ ಕೈಯಲ್ಲಿದೆಯೋ ಅವರದೇ ಗೆಲ್ಲುತ್ತದೆ. ಚೆನ್ನೈನಲ್ಲಿ ಹಣ ಇರುವುದು ಓನರ್ ಕೈಯಲ್ಲಿ.

ದಾವಣಗೆರೆ ಕಡೆಯ ಹುಡುಗನೊಬ್ಬ ಓಎಂಆರ್ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ಸ್ನೇಹಿತರ ಜೊತೆ ಇದ್ದ. ಬಿಟ್ಟು ಬಂದ ಮೇಲೆ ಓನರ್ ಕಡೆಯಿಂದ ವಾಟ್ಸಾಪಿನಲ್ಲಿ ಒಂದು ಪಟ್ಟಿ ಬಂತು: ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ, ಕ್ಲೀನಿಂಗ್ ಬೇರೆ, ಗೀಸರ್ ಬೇರೆ, ಬಾಲ್ಕನಿಯ ಬಾಗಿಲಿನ ಗಾಜು ಬೇರೆ. ಗಾಜು ತಾವು ಬರುವಾಗಲೇ ಬಿರುಕು ಬಿಟ್ಟಿತ್ತು ಎಂದು ಹುಡುಗರು ಎಷ್ಟು ಹೇಳಿದರೂ ತೋರಿಸಲು ಏನೂ ಇರಲಿಲ್ಲ. ಆ ಹಣ ಹೋಯಿತು. ಬಿರುಕಿನ ಒಂದು ಫೋಟೋ, ತಾರೀಖಿನ ಸಮೇತ, ಮನೆಗೆ ಬಂದ ಸಂಜೆಯೇ ಓನರಿಗೆ ಕಳಿಸಿದ್ದಿದ್ದರೆ ಆ ಮಾತೇ ಏಳುತ್ತಿರಲಿಲ್ಲ.

ನಾವಿದ್ದದ್ದು ತಿರುವಾನ್ಮಿಯೂರಿನಲ್ಲಿ, ಮರುಂದೀಶ್ವರರ್ ದೇವಸ್ಥಾನದಿಂದ ಸಮುದ್ರದ ಕಡೆಗೆ ಹೋಗುವ ಒಂದು ಅಡ್ಡರಸ್ತೆಯಲ್ಲಿ. ಮೇಲಿನ ಪೋರ್ಷನ್ ನಮಗೆ, ಕೆಳಗೆ ಓನರ್ ಮಾಮಿ. ಮಾಮಿಯ ಯಜಮಾನರು ಲೆಕ್ಕಪತ್ರದ ಕೆಲಸದಲ್ಲಿದ್ದವರು. ಅವರು ಶುರುಮಾಡಿದ್ದ ಉದ್ದನೆಯ ರಟ್ಟಿನ ಪುಸ್ತಕವನ್ನು ಅವರು ತೀರಿಕೊಂಡ ಮೇಲೂ ಮಾಮಿ ಬಿಡದೆ ಮುಂದುವರಿಸಿದ್ದರು. ಒಂದೊಂದು ಸಂಸಾರಕ್ಕೆ ಎದುರುಬದುರಾಗಿ ಎರಡು ಪುಟ. ಎಡಗಡೆ ಮನೆಗೆ ಬಂದ ದಿನದ ವಿವರ, ಬಲಗಡೆ ಬಿಟ್ಟ ದಿನದ್ದು. ಫ್ಯಾನು, ಟ್ಯೂಬ್‌ಲೈಟು, ನಲ್ಲಿ, ಬೀಗದ ಕೈ, ಇಬಿ ಮೀಟರಿನ, ಅಂದರೆ ಕರೆಂಟಿನ ಮೀಟರಿನ, ರೀಡಿಂಗು ಎಲ್ಲ ಇತ್ತು. ಗೋಡೆಯಲ್ಲಿರುವ ಮೊಳೆಗಳೂ ಇದ್ದವು. ಹಾಲಿನಲ್ಲಿ ಏಳು, ದೊಡ್ಡ ರೂಮಿನಲ್ಲಿ ನಾಲ್ಕು, ಅಡಿಗೆಮನೆಯಲ್ಲಿ ಎರಡು. 'ಆಣಿ ಅಡಿಕ್ಕಕ್ಕೂಡಾದು', ಮೊಳೆ ಹೊಡೆಯಕೂಡದು ಅನ್ನುವುದು ಆ ಊರಿನಲ್ಲಿ ಮನೆ ತೋರಿಸುವಾಗಲೇ ಕೇಳಿಬರುವ ಮಾತು. ಮಾಮಿಯೂ ಹೇಳಿದ್ದರು. ಹೇಳಿ, ಇರುವ ಮೊಳೆಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿ, ಬರೆದು, ಕೆಳಗೆ ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಪೆನ್ನು ತಿರುಗಿಸಿಕೊಂಡು ತಾವೂ ಹಾಕಿದರು. ಆ ಎರಡನೆಯ ಸಹಿ ನನಗೆ ಬಹಳ ದೊಡ್ಡದಾಗಿ ಕಂಡಿತು.

ಬಿಡುವ ದಿನ ಮಾಮಿ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು, ಕಂಕುಳಲ್ಲಿ ಪುಸ್ತಕ. ಮುಂಬಾಗಿಲಿನಿಂದ ಹಿಡಿದು ಪ್ರದಕ್ಷಿಣೆಯಾಗಿ, ಎಡಪುಟದಲ್ಲಿ ಬರೆದಿದ್ದ ಕ್ರಮದಲ್ಲೇ ಹೊರಟೆವು. ಅವರು ತಮಿಳಿನಲ್ಲಿ ಓದುವರು, ನೋಡುವರು, ಬರೆಯುವರು; ನಾನು ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೆ; ಮಗಳು ಹಿಂದಿನಿಂದ ಫೋಟೋ ತೆಗೆಯುತ್ತಿದ್ದಳು. ಹಾಲಿನ ಪೂರ್ವದ ಕಿಟಕಿಯ ಹತ್ತಿರ ಮಾಮಿ ನಿಂತರು. ಕಬ್ಬಿಣದ ಕಂಬಿಗಳ ಬಣ್ಣ ಗುಳ್ಳೆಯೆದ್ದು, ಬುಡದಲ್ಲಿ ಹೋಳುಹೋಳಾಗಿ ತುಕ್ಕು ಬಿಟ್ಟಿತ್ತು. ಅವರು ಉಗುರಿನಿಂದ ಒಮ್ಮೆ ಕೆರೆದರು. ಕಂದು ಚಕ್ಕೆಗಳು ಮೊಸಾಯಿಕ್ ನೆಲದ ಮೇಲೆ ಉದುರಿದವು. ನಾನು ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಅವರೇ ಹೇಳಿದರು: 'ಉಪ್ಪುಕ್ಕಾತ್ತು. ಉನ್ ಕಣಕ್ಕುಲ ವರಾದು.' ಉಪ್ಪು ಗಾಳಿಯದು, ನಿನ್ನ ಲೆಕ್ಕಕ್ಕೆ ಬರುವುದಿಲ್ಲ.

ಮೈಸೂರಿನಂಥ ಊರಿನಿಂದ ಬಂದವರಿಗೆ ಇದು ಅರ್ಥವಾಗಲು ಸ್ವಲ್ಪ ಕಾಲ ಹಿಡಿಯುತ್ತದೆ. ನಮ್ಮ ಕಡೆ ಒಂದು ಸಲ ಬಣ್ಣ ಹೊಡೆದ ಕಿಟಕಿಯ ಕಂಬಿ ವರ್ಷಾನುಗಟ್ಟಲೆ ಹಾಗೇ ಇರುತ್ತದೆ. ಸಮುದ್ರದ ದಂಡೆಯ ಗಾಳಿಯಲ್ಲಿ ಉಪ್ಪಿನ ಸಣ್ಣ ಕಣಗಳಿರುತ್ತವೆ. ಅವು ಲೋಹದ ಮೇಲೆ ಕೂತು ತೇವವನ್ನು ಹಿಡಿದುಕೊಳ್ಳುತ್ತವೆ, ಬಣ್ಣದಲ್ಲಿ ಒಂದು ಸೀಳು ಸಿಕ್ಕರೆ ಸಾಕು ಒಳಗಿನಿಂದ ತಿನ್ನುತ್ತಾ ಹೋಗುತ್ತವೆ. ನೆಲದೊಳಗಿನ ನೀರಿಗೂ ಇದೇ ಕಾಟ. ಬೆಸೆಂಟ್ ನಗರ, ತಿರುವಾನ್ಮಿಯೂರು ಕಡೆಯ ಮರಳು ನೆಲದಲ್ಲಿ ಬೋರ್‌ವೆಲ್ಲುಗಳು ಹೆಚ್ಚಿದಷ್ಟೂ ಸಮುದ್ರದ ನೀರು ಒಳಕ್ಕೆ ನುಗ್ಗುತ್ತದೆ. 2019ರ ಬೇಸಿಗೆಯಲ್ಲಿ ಪೂಂಡಿ, ಚೋಳವರಂ, ರೆಡ್ ಹಿಲ್ಸ್, ಚೆಂಬರಂಬಾಕ್ಕಂ ಕೆರೆಗಳು ಬತ್ತಿದಾಗ ನಲ್ಲಿಯಲ್ಲಿ ಮೆಟ್ರೋ ವಾಟರ್ ಬರುವುದು ಅಪರೂಪವಾಗಿ, ಊರೆಲ್ಲ ಲಾರಿಯ ನೀರು ಮತ್ತು ಬೋರಿನ ನೀರಿನ ಮೇಲೆ ನಿಂತಿತು. ಬಚ್ಚಲಿನ ನಲ್ಲಿಗಳ ಮೇಲೆ ಬಿಳಿಯ ಹೆಪ್ಪು ಗಟ್ಟಿದ್ದು, ಗೀಸರಿನ ಕಾಯಿಲ್ ಹೋದದ್ದು, ಶವರಿನ ತೂತುಗಳು ಮುಚ್ಚಿಹೋದದ್ದು ಇದರಿಂದ. ಇವನ್ನೆಲ್ಲ ಬಾಡಿಗೆದಾರನ ಅಜಾಗರೂಕತೆ ಎಂದು ಬರೆಯುವುದು ಅನ್ಯಾಯ. ಓನರ್ ಕೊಟ್ಟ ಮಾಲು ಕೆಟ್ಟದ್ದು ಎನ್ನುವುದೂ ಅನ್ಯಾಯವೇ.

ಮಾಮಿಯ ಪುಸ್ತಕ ನಮ್ಮನ್ನು ಎಲ್ಲದರಿಂದಲೂ ಬಿಡಿಸಲಿಲ್ಲ. ವಾಷ್‌ಬೇಸಿನ್ನಿನಲ್ಲಿ ಉದ್ದಕ್ಕೆ ಒಂದು ಬಿರುಕಿತ್ತು. ಅತ್ತೆಯವರ ಹಿತ್ತಾಳೆ ಚೊಂಬು ಕೈಜಾರಿ ಬಿದ್ದು ಆದದ್ದು. ಎಡಪುಟದಲ್ಲಿ 'ಬೇಸಿನ್ 1, ಚೆನ್ನಾಗಿದೆ' ಎಂದಿತ್ತು. ಮಾಮಿ ಅಲ್ಲಿಂದಲೇ ಪ್ಲಂಬರಿಗೆ ಫೋನ್ ಮಾಡಿ ಹೊಸ ಬೇಸಿನ್ನಿಗೂ ಕೂಲಿಗೂ ಎಷ್ಟಾಗುತ್ತದೆ ಎಂದು ಕೇಳಿ, ನನ್ನ ಎದುರಿಗೇ ಬಲಪುಟದಲ್ಲಿ ಬರೆದರು. ಕಿಟಕಿಗಳಿಗೆ ನಾವು ಹಾಕಿಸಿದ್ದ ಸೊಳ್ಳೆಯ ಜಾಲರಿ ಬಗ್ಗೆ ಇಬ್ಬರೂ ಸ್ವಲ್ಪ ಚರ್ಚೆ ಮಾಡಿದೆವು. ಕಿತ್ತರೆ ಚೌಕಟ್ಟಿನ ಮೇಲೆ ಗೋಂದಿನ ಪಟ್ಟೆ ಉಳಿಯುತ್ತದೆ, ಬಿಟ್ಟರೆ ಮುಂದೆ ಬರುವವರಿಗೆ ಅನುಕೂಲ. 'ಜಾಲರಿ ಐದು, ಬಿಟ್ಟು ಹೋಗಿದ್ದಾರೆ' ಎಂದು ಬರೆದುಕೊಂಡರು. ಮೊಳೆಗಳ ಲೆಕ್ಕ ಸರಿಹೋಯಿತು. ಬೀರು ಇಟ್ಟಿದ್ದ ಜಾಗದಲ್ಲಿ ಗೋಡೆ ಹೊಸದಾಗಿಯೂ ಸುತ್ತ ಮಾಸಲಾಗಿಯೂ ಇದ್ದದ್ದನ್ನು ಮಾಮಿ ನೋಡಿದರು, ಏನೂ ಬರೆಯದೆ ಮುಂದಕ್ಕೆ ಹೋದರು. ಬೇಸಿನ್ನಿನ ಹಣ, ಅಲ್ಲಿಯವರೆಗಿನ ಕರೆಂಟಿನ ಹಣ ಹಿಡಿದುಕೊಂಡು ಉಳಿದ ಅಡ್ವಾನ್ಸನ್ನು ಅವರ ಮಗ ಮರುದಿನವೇ ಬ್ಯಾಂಕಿಗೆ ಹಾಕಿದ.

ಮಾಮಿ ತಮ್ಮ ಬುದ್ಧಿಯಿಂದ ಕಂಡುಕೊಂಡಿದ್ದನ್ನೇ ಕಾನೂನೂ ಹೇಳುತ್ತದೆ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೆಯ ಕಲಮಿನ ಪ್ರಕಾರ ಬಾಡಿಗೆದಾರ ಆಸ್ತಿಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂದಿರುಗಿಸಬೇಕು. ಆದರೆ ಸಹಜವಾದ ಸವೆತದಿಂದಲೋ ತಡೆಯಲಾಗದ ಶಕ್ತಿಯಿಂದಲೋ ಆದ ಬದಲಾವಣೆಗೆ ಅವನು ಹೊಣೆಯಲ್ಲ. ತಮಿಳುನಾಡಿನಲ್ಲಿ 1960ರ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗಕ್ಕೆ 2017ರ ಹೊಸ ಕಾಯಿದೆ ಬಂತು. ಜಾರಿಯಾದದ್ದು 2019ರ ಫೆಬ್ರವರಿ 22ರಿಂದ. ಅದರಲ್ಲಿ ಕರಾರು ಬರಹದಲ್ಲೇ ಇರಬೇಕು, ಬಾಡಿಗೆ ಪ್ರಾಧಿಕಾರದಲ್ಲಿ ನೋಂದಣಿಯಾಗಬೇಕು. ಬೇರೆ ಒಪ್ಪಂದ ಇಲ್ಲದಿದ್ದರೆ ಅಡ್ವಾನ್ಸ್ ಮೂರು ತಿಂಗಳ ಬಾಡಿಗೆಯನ್ನು ಮೀರಬಾರದು. ಮನೆ ತೆರವಾದ ಒಂದು ತಿಂಗಳೊಳಗೆ, ಬಾಕಿ ಏನಿದೆಯೋ ಅಷ್ಟನ್ನು ಹಿಡಿದು, ಉಳಿದದ್ದನ್ನು ಹಿಂದಿರುಗಿಸಬೇಕು. ಕಾಯಿದೆಯ ಎರಡನೆಯ ಅನುಸೂಚಿಯಲ್ಲಿ ರಿಪೇರಿಯ ಹೊಣೆಯನ್ನು ಹಂಚಿದ್ದಾರೆ. ಗೋಡೆಗೆ ಸುಣ್ಣಬಣ್ಣ, ಬಾಗಿಲು ಕಿಟಕಿಯ ಪೇಂಟು, ಪೈಪು, ವೈರಿಂಗು ಓನರ್ ಪಾಲಿಗೆ. ನಲ್ಲಿಯ ವಾಷರು, ಬೇಸಿನ್ನು, ಗೀಸರಿನ ರಿಪೇರಿ, ಸ್ವಿಚ್ಚು, ಬಾಗಿಲಿನ ಹಿಡಿ ಮತ್ತು ಬೀಗ, ಕಿಟಕಿಯ ಗಾಜು ಬಾಡಿಗೆದಾರನ ಪಾಲಿಗೆ. ಸೊಳ್ಳೆಯ ಜಾಲರಿಯನ್ನೂ ಕಾಯಿದೆ ಮರೆತಿಲ್ಲ, ಅದು ಬಾಡಿಗೆದಾರನದು. ಇಷ್ಟಾಗಿಯೂ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗಿಗೆಂದು ಹಿಡಿದುಕೊಳ್ಳುವುದು ಊರಿನ ರೂಢಿಯಾಗಿ ನಿಂತಿದೆ. ಕರಾರಿನಲ್ಲಿ ಹಾಗೆ ಬರೆದಿರುತ್ತದೆ, ನಾವು ಓದದೆ ಸಹಿ ಹಾಕಿರುತ್ತೇವೆ. ನಾಲ್ಕು ವರ್ಷ ಇದ್ದವನಿಗೂ ಅದೇ, ನಾಲ್ಕು ತಿಂಗಳಿದ್ದವನಿಗೂ ಅದೇ. ಇದು ನ್ಯಾಯವಲ್ಲ.

ಬಣ್ಣಕ್ಕೂ ಒಂದು ಆಯುಷ್ಯವಿದೆ ಎನ್ನುವುದನ್ನು ಜಪಾನಿನವರು ಬರಹಕ್ಕೇ ಇಳಿಸಿದ್ದಾರೆ. ಅಲ್ಲಿಯ ಸರ್ಕಾರ 1998ರಿಂದ ಮನೆ ಬಿಡುವಾಗಿನ ಲೆಕ್ಕಕ್ಕೆ ಮಾರ್ಗಸೂಚಿ ಕೊಟ್ಟಿದೆ. ಗೋಡೆಗೆ ಅಂಟಿಸುವ ಕಾಗದದ ಬೆಲೆ ಆರು ವರ್ಷದಲ್ಲಿ ಒಂದು ಯೆನ್ನಿಗೆ ಇಳಿಯಿತೆಂದು ಲೆಕ್ಕ. ಆಮೇಲೆ ಬಿಟ್ಟುಹೋಗುವವರ ಮೇಲೆ ಹೊಸ ಕಾಗದದ ಪೂರಾ ಖರ್ಚು ಹೊರಿಸುವಂತಿಲ್ಲ. ಫ್ರಿಜ್ಜಿನ ಹಿಂದಿನ ಗೋಡೆ ಕಪ್ಪಾದರೆ ಅದು ಸಹಜ ಬಳಕೆ. ಕ್ಯಾಲೆಂಡರ್ ಸಿಕ್ಕಿಸಿದ ಸಣ್ಣ ಪಿನ್ನಿನ ತೂತು ಸಹಜ ಬಳಕೆ. ಒಳಗಿನ ಹಲಗೆಯನ್ನೇ ಬದಲಾಯಿಸಬೇಕಾಗುವಷ್ಟು ದೊಡ್ಡ ಮೊಳೆಯ ತೂತು ಬಾಡಿಗೆದಾರನದು. ಮಾಮಿಯ ಮೊಳೆಗಳ ಲೆಕ್ಕವನ್ನು ಕಂಡಿದ್ದ ನನಗೆ ಇದನ್ನು ಓದಿದಾಗ ಬಹಳ ಸಂತೋಷವಾಯಿತು. ಫ್ರಾನ್ಸಿನಲ್ಲಿ ಮನೆಗೆ ಬರುವ ದಿನವೂ ಬಿಡುವ ದಿನವೂ ಒಂದೇ ನಮೂನೆಯ ಸ್ಥಿತಿಪತ್ರ ಮಾಡಿ ಎರಡೂ ಕಡೆಯವರು ಸಹಿ ಹಾಕಬೇಕು, ಎರಡನ್ನೂ ಕೋಣೆಕೋಣೆಯಾಗಿ ಹೋಲಿಸಿ ನೋಡಲು ಬರುವಂತಿರಬೇಕು ಎಂದು 2016ರ ಆಜ್ಞೆಯೇ ಇದೆ. ಇಂಗ್ಲೆಂಡಿನಲ್ಲಿ 2007ರಿಂದ ಅಡ್ವಾನ್ಸನ್ನು ಸರ್ಕಾರ ಒಪ್ಪಿದ ರಕ್ಷಣಾ ಯೋಜನೆಯೊಂದಕ್ಕೆ ಒಳಪಡಿಸಲೇಬೇಕು. ಜಗಳ ಬಂದರೆ ಮೂರನೆಯವರು ಕಾಗದ ಪತ್ರ ನೋಡಿ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಕರಾರನ್ನು ನೋಂದಾಯಿಸಿ ಎನ್ನುವ ಕಾಯಿದೆ ಬಂದಿದೆ. ಆ ನೋಂದಣಿಯ ಜೊತೆಗೆ ಎರಡು ಪುಟದ ಸ್ಥಿತಿಪತ್ರವನ್ನೂ ಕಡ್ಡಾಯ ಮಾಡಿದರೆ ಎಷ್ಟೋ ಮನೆಗಳ ಜಗಳ ಹೊಸ್ತಿಲಲ್ಲೇ ನಿಲ್ಲುತ್ತದೆ.

ಚೆನ್ನೈನಲ್ಲಿ ಮನೆಯ ಸ್ಥಿತಿ ಬರೆಯುವವರು ತಿಂಗಳನ್ನೂ ಗಮನಿಸಬೇಕು. ಅಲ್ಲಿ ದೊಡ್ಡ ಮಳೆ ಬರುವುದು ಈಶಾನ್ಯ ಮಾರುತದಲ್ಲಿ, ಐಪ್ಪಸಿ ಕಾರ್ತಿಕದ ಹೊತ್ತಿಗೆ, ಅಂದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ. ಮೇ ತಿಂಗಳ ಕತ್ತರಿ ಬಿಸಿಲಿನಲ್ಲಿ ಮನೆ ಹಿಡಿದರೆ ಬಾಗಿಲುಗಳು ಸಲೀಸಾಗಿ ಮುಚ್ಚುತ್ತವೆ, ಗೋಡೆ ಒಣಗಿ ಬೆಳ್ಳಗಿರುತ್ತದೆ. ಅದೇ ಮನೆಯನ್ನು ನವೆಂಬರಿನಲ್ಲಿ ಬಿಟ್ಟರೆ ಮರ ಊದಿಕೊಂಡು ಬಚ್ಚಲಿನ ಬಾಗಿಲು ಚೌಕಟ್ಟಿಗೆ ಉಜ್ಜುತ್ತದೆ, ಮೂಲೆಯಲ್ಲಿ ತೇವ ಇಳಿದು ಉಪ್ಪು ಪುಡಿಯಾಗಿ ಹೊರಗೆ ಬಂದಿರುತ್ತದೆ, ತಾರಸಿಯ ಸೋರಿಕೆ ಛಾವಣಿಯ ಮೇಲೆ ಕಂದು ವೃತ್ತವಾಗಿ ಕಾಣುತ್ತದೆ. ಓನರ್ ಕಣ್ಣಿಗೆ ಇದೆಲ್ಲ ಈ ಸಂಸಾರ ಹಾಳುಮಾಡಿದ್ದು. ಫೆಬ್ರವರಿ ಬರಲಿ, ಬಾಗಿಲು ತಾನಾಗಿ ಸರಿಹೋಗುತ್ತದೆ. ಹಾಗಾಗಿ ಮೊದಲ ಮಳೆಗಾಲ ಕಳೆದ ಕೂಡಲೇ ಸೋರುವ ಜಾಗಗಳ ಫೋಟೋ ತೆಗೆದು ಓನರಿಗೆ ಕಳಿಸಿಬಿಡುವುದು ಒಳ್ಳೆಯದು. ಬಿಡುವ ದಿನದ ದಾಖಲೆಗೆ ಬಲ ಬರುವುದು ಮಧ್ಯದ ವರ್ಷಗಳಲ್ಲಿ ಹೀಗೆ ಕಳಿಸಿದ ನಾಲ್ಕು ಸಾಲುಗಳಿಂದ.

ಇನ್ನು 2015ರ ಡಿಸೆಂಬರಿನ ನೆರೆ. ಚೆಂಬರಂಬಾಕ್ಕಂ ತುಂಬಿ ನೀರು ಬಿಟ್ಟು, ಅಡ್ಯಾರ್ ನದಿ ದಡ ಮೀರಿ ಕೋಟೂರುಪುರಂ, ಸೈದಾಪೇಟೆ, ಜಾಫರ್‌ಖಾನ್‌ಪೇಟೆ, ಮುಡಿಚೂರುಗಳಲ್ಲಿ ನೆಲಮಹಡಿಗಳು ಮುಳುಗಿದವು. ನೀರು ಇಳಿದ ಮೇಲೆ ಮನೆಗಳ ಒಳಗೋಡೆಗಳ ಸುತ್ತ ಒಂದೇ ಮಟ್ಟದ ಕೆಸರಿನ ಗೆರೆ ಉಳಿಯಿತು. ಅದರ ಕೆಳಗೆ ಪ್ಲೈವುಡ್ಡಿನ ಕಪಾಟುಗಳು ಉಬ್ಬಿ ಬಿಚ್ಚಿಕೊಂಡಿದ್ದವು, ಸ್ವಿಚ್‌ಬೋರ್ಡುಗಳಲ್ಲಿ ಮಣ್ಣು ತುಂಬಿತ್ತು. ಮರುತಿಂಗಳೇ ಮನೆ ಬಿಟ್ಟವರು ಬಹಳ ಮಂದಿ. ಆ ಗೆರೆಯ ಲೆಕ್ಕ ಯಾರದು? 1882ರ ಕಾಯಿದೆ ಬರೆದವರು ಇದನ್ನು ಮೊದಲೇ ಯೋಚಿಸಿದ್ದರು. ಬೆಂಕಿ, ಬಿರುಗಾಳಿ, ನೆರೆ, ಸೈನ್ಯದ ಅಥವಾ ಗುಂಪಿನ ದಾಂಧಲೆ, ಇಂಥದ್ದರಿಂದ ಆಸ್ತಿಯ ಮುಖ್ಯ ಭಾಗ ನಾಶವಾದರೆ ಅಥವಾ ಕಾಯಂ ಆಗಿ ಬಳಕೆಗೆ ಬಾರದಂತಾದರೆ, ಬಾಡಿಗೆದಾರ ಬಯಸಿದಲ್ಲಿ ಕರಾರು ಅಲ್ಲಿಗೇ ಮುಗಿಯುತ್ತದೆ. ನೆರೆ ಬಂದ ಮನೆಯ ಫೋಟೋ ತೆಗೆಯುವಾಗ ಆ ನೀರಿನ ಗೆರೆ ಕಾಣುವಂತೆ, ಪಕ್ಕದಲ್ಲಿ ಒಂದು ಅಳತೆಯ ಟೇಪು ಹಿಡಿದು ತೆಗೆಯಬೇಕು. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ವೇಳಚ್ಚೇರಿಯ ಪರಿಚಯದವರೊಬ್ಬರಿಗೆ ನಾನು ಫೋನಿನಲ್ಲಿ ಹೇಳಿದ ಮೊದಲ ಮಾತು, ಎಲ್ಲರೂ ಸುರಕ್ಷಿತವಾಗಿದ್ದಾರೆಂದು ತಿಳಿದ ಮೇಲೆ, ಇದೇ: ತೊಳೆಯುವ ಮುಂಚೆ ಫೋಟೋ ತೆಗೆಯಿರಿ.

ಫೋಟೋ ತೆಗೆಯುವುದರಲ್ಲೂ ಒಂದು ಹದವಿದೆ. ಬರಿಯ ಕಲೆಯ ಹತ್ತಿರದ ಚಿತ್ರ ನೋಡಿದರೆ ಅದು ಯಾವ ಮನೆಯ ಯಾವ ಗೋಡೆಯೆಂದು ಯಾರಿಗೂ ತಿಳಿಯುವುದಿಲ್ಲ. ಮೊದಲು ಬಾಗಿಲಲ್ಲಿ ನಿಂತು ಕೋಣೆ ಪೂರ್ತಿ, ಆಮೇಲೆ ಆ ಗೋಡೆ, ಆಮೇಲೆ ಕಲೆ. ಕಿಟಕಿಯಿಂದ ಓರೆಯಾಗಿ ಬೆಳಕು ಬೀಳುವ ಬೆಳಗಿನ ಹೊತ್ತಿನಲ್ಲಿ ಗೋಡೆಯ ಉಬ್ಬು ತಗ್ಗು ಎದ್ದು ಕಾಣುತ್ತದೆ; ಫ್ಲಾಶ್ ಹಾಕಿದರೆ ಎಲ್ಲ ಚಪ್ಪಟೆ. ನಲ್ಲಿ, ಫ್ಲಶ್ಶು, ಫ್ಯಾನು, ಗೀಸರಿಗೆ ವಿಡಿಯೋ ಬೇಕು: ತಿರುಗಿಸಿ, ಓಡಿಸಿ, ನೀರು ಇಳಿದುಹೋಗುವವರೆಗೂ ತೋರಿಸಬೇಕು. ಇಬಿ ಮೀಟರಿನ ರೀಡಿಂಗಿನ ಜೊತೆ ಮೀಟರಿನ ನಂಬರೂ ಬರಬೇಕು, ಏಕೆಂದರೆ ಎರಡು ತಿಂಗಳಿಗೊಮ್ಮೆ ರೀಡಿಂಗ್ ತೆಗೆಯುವ ಊರದು, ಮಧ್ಯದಲ್ಲಿ ಬಿಟ್ಟವರ ಪಾಲು ಎಷ್ಟೆಂದು ಹೇಳಲು ಬೇರೆ ಆಧಾರವಿಲ್ಲ. ಬೀಗದ ಕೈಗಳನ್ನು ನೆಲದ ಮೇಲೆ ಸಾಲಾಗಿ ಇಟ್ಟು ಒಂದು ಚಿತ್ರ. ವಾಟ್ಸಾಪಿನಲ್ಲಿ ಮಾಮೂಲಿನಂತೆ ಕಳಿಸಿದರೆ ಚಿತ್ರ ಕುಗ್ಗಿ, ಅದರೊಳಗಿನ ತಾರೀಖು ಸಮಯದ ವಿವರ ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಉಳಿಯುತ್ತದೆ. ಮೂಲ ಚಿತ್ರಗಳನ್ನು ಫೋನಿನಿಂದ ಅಳಿಸದೆ ಇಡಬೇಕು. ಮಾತು ಕೋರ್ಟಿನವರೆಗೆ ಹೋದರೆ ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಪ್ರಮಾಣಪತ್ರ ಕೇಳುತ್ತಾರೆ. ಹಿಂದೆ ಅದು ಸಾಕ್ಷ್ಯ ಕಾಯಿದೆಯ 65ಬಿ ಕಲಮಿನಲ್ಲಿತ್ತು, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಲ್ಲಿದೆ. ಅಷ್ಟು ದೂರ ಯಾರೂ ಹೋಗಬೇಕಾಗದಿರಲಿ. ಅದೇ ದಿನ, ಇನ್ನೂ ಮನಸ್ಸು ತಿಳಿಯಾಗಿರುವಾಗ, 'ಇವು ಇವತ್ತಿನ ಚಿತ್ರಗಳು, ನೀವೂ ಒಮ್ಮೆ ನೋಡಿ' ಎಂದು ಓನರಿಗೆ ಕಳಿಸುವುದೇ ಇದರಲ್ಲಿ ಮುಖ್ಯ.

ಮದರಾಸಿನಲ್ಲಿ ಕನ್ನಡದವರ ಕಥೆಯೆಂದರೆ ಬಹುಪಾಲು ಬಾಡಿಗೆದಾರರ ಕಥೆಯೇ. ಕಡಂದಲೆಯ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ರಾಮನಾಡಿನ ಅರಸರ ಬಂಗಲೆಯನ್ನು ಹಿಡಿದು ಹೋಟೆಲು ಶುರುಮಾಡಿದರು. ವುಡ್‌ಲ್ಯಾಂಡ್ಸ್ ಎನ್ನುವುದು ಆ ಬಂಗಲೆಯ ಹೆಸರು. 1952ರಲ್ಲಿ ಈಗಿನ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ಕಟ್ಟಿದಾಗ ಬಾಡಿಗೆ ಮನೆಯ ಹೆಸರು ಅವರೊಂದಿಗೇ ಬಂತು. ಇವತ್ತು ಎಷ್ಟೋ ಊರುಗಳಲ್ಲಿ ಆ ಹೆಸರಿನ ಬೋರ್ಡಿದೆ. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ಶುರುವಾದ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಇದ್ದದ್ದೂ ಗುತ್ತಿಗೆಯ ನೆಲದಲ್ಲೇ. 2008ರಲ್ಲಿ ಅದನ್ನು ಬಿಟ್ಟುಕೊಡಬೇಕಾಯಿತು. ಆ ಜಾಗದಲ್ಲಿ 2010ರಲ್ಲಿ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನ ತೆರೆಯಿತು. ಅಲ್ಲಿಯ ದೊಡ್ಡ ಮರಗಳ ಕೆಳಗೆ ನಡೆಯುವಾಗ, ಇಲ್ಲಿ ಕ್ಯಾಶ್ ಕೌಂಟರ್ ಎಲ್ಲಿತ್ತು, ಕಾರುಗಳು ಎಲ್ಲಿ ನಿಲ್ಲುತ್ತಿದ್ದವು ಎಂದು ಹಳಬರು ಕೈತೋರಿಸಿ ವಾದ ಮಾಡುವುದನ್ನು ಕೇಳಿದ್ದೇನೆ. ಬಿಟ್ಟ ಜಾಗ ಹೇಗಿತ್ತೆಂದು ಬರೆದಿಡುವುದು ಹಣಕ್ಕಾಗಿ ಮಾತ್ರ ಅಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿದ್ದು ಅಲ್ಲಿ. ನನ್ನ ನೋಟ್‌ಬುಕ್ಕಿನ ಪಟ್ಟಿಯನ್ನು ಈಗ ತೆಗೆದು ಓದಿದರೆ ತಿರುವಾನ್ಮಿಯೂರಿನ ಆ ಮನೆಯ ಅಡಿಗೆಮನೆಯ ಕಡಪ ಕಲ್ಲು, ಎಡಮೂಲೆಯಲ್ಲಿ ಚಕ್ಕೆ ಎದ್ದದ್ದು, ಎರಡನೆಯ ಮೊಳೆಗೆ ಸೌಟು ನೇತುಹಾಕುತ್ತಿದ್ದದ್ದು ಎಲ್ಲ ಜಾಗಜಾಗದಲ್ಲೇ ಇದೆ.

ಎಲ್ಲರಿಗೂ ಮಾಮಿಯಂಥ ಓನರ್ ಸಿಗುವುದಿಲ್ಲ, ಕಾಗದದ ಕರಾರೂ ಸಿಗುವುದಿಲ್ಲ. ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದ ಅಕ್ಕ ಕೊಟ್ಟಿವಾಕ್ಕಂ ಕಡೆ ಶೀಟ್ ಹೊದಿಸಿದ ಒಂದು ರೂಮಿನಲ್ಲಿದ್ದರು. ಅಡ್ವಾನ್ಸ್ ಕೊಟ್ಟಿದ್ದಕ್ಕೆ ಚೀಟಿಯಿಲ್ಲ. ಹಿಂದೊಮ್ಮೆ ರೂಮು ಬಿಟ್ಟಾಗ ಗೋಡೆ ಹೊಗೆ ಹಿಡಿದಿದೆ ಎಂದು ಅರ್ಧಕ್ಕರ್ಧ ಹಿಡಿದುಕೊಂಡಿದ್ದರಂತೆ. ಅವರು ಹೋಗುವ ಮುಂಚಿನಿಂದಲೂ ಅದು ಹೊಗೆ ಹಿಡಿದ ಗೋಡೆಯೇ. ಆ ದುಡ್ಡು ಮಗನ ಕಾಲೇಜಿಗೆಂದು ಇಟ್ಟದ್ದು. ಎರಡು ಲಕ್ಷದವರು ವಕೀಲರನ್ನಾದರೂ ಕೇಳಬಹುದು. ಹದಿನೈದು ಸಾವಿರದವರು ಯಾರನ್ನು ಕೇಳಬೇಕು? ಅಕ್ಷರ ಓದಲು ಕಷ್ಟಪಡುವವರಿಗೆ ಪಟ್ಟಿ ಬರೆಯಿರಿ ಎಂದರೆ ಉಪಯೋಗವಿಲ್ಲ. ಆದರೆ ಅವರ ಕೈಯಲ್ಲಿ ಫೋನ್ ಇತ್ತು. ಬಾಗಿಲಲ್ಲಿ ನಿಂತು ತಾರೀಖು ಹೇಳಿ, ನಡೆಯುತ್ತಾ ಕಂಡದ್ದನ್ನೆಲ್ಲ ಬಾಯಲ್ಲಿ ಹೇಳುತ್ತಾ ವಿಡಿಯೋ ಮಾಡಿ, ಅದನ್ನು ಓನರಿಗೂ ನನಗೂ ಕಳಿಸಿ ಎಂದು ಹೇಳಿಕೊಟ್ಟೆ. ಅವರ ಮಗನೂ ನಾನೂ ಜೊತೆಗೆ ಕೂತು ಒಮ್ಮೆ ನಮ್ಮ ಅಡಿಗೆಮನೆಯಲ್ಲೇ ಮಾಡಿ ನೋಡಿದೆವು.

ಮುಂದಿನ ತೈ ಮಾಸದಲ್ಲಿ ಅವರು ಬೇರೆ ರೂಮಿಗೆ ಹೋದರು. ಹಾಲು ಕಾಯಿಸುವ ಮುಂಚೆಯೇ ವಿಡಿಯೋ ಬಂತು. ಗೋಡೆ ತೋರಿಸುತ್ತಾರೆ, ಶೀಟಿನಲ್ಲಿ ಬೆಳಕು ಬೀಳುವ ಎರಡು ತೂತು ತೋರಿಸುತ್ತಾರೆ, ಬಲ್ಬು ಹಾಕಿ ಆರಿಸುತ್ತಾರೆ. ಕೊನೆಗೆ ಬಾಗಿಲಿನ ಚಿಲಕವನ್ನು ಹಿಡಿದು ಅಲ್ಲಾಡಿಸಿ, ಇದು ನಿಲ್ಲುವುದಿಲ್ಲ, ರಾತ್ರಿ ಹೇಗೆ ಹಾಕಿಕೊಳ್ಳುವುದು ಎಂದು ಜೋರಾಗಿಯೇ ಕೇಳುತ್ತಾರೆ. ಓನರಿಗೂ ಅದು ಹೋಗಿತ್ತಲ್ಲ, ಮರುದಿನ ಬೆಳಿಗ್ಗೆ ಅವರು ಬಡಗಿಯನ್ನು ಕರೆದುಕೊಂಡು ಬಂದು ಹೊಸ ಚಿಲಕ ಹಾಕಿಸಿಕೊಟ್ಟರು.